ಸೋಮವಾರದ ಕೈನಡುಕ

ಉಡುಪು ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಕತ್ತರಿಯಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರು ಬಂದದ್ದು ಕೈಯಲ್ಲಿದ್ದ ಕತ್ತರಿಯಿಂದಲೋ ಬಾಯಲ್ಲಿದ್ದ ಕತ್ತರಿಯಿಂದಲೋ ಎಂಬುದನ್ನು ಆಕೆಯ ಎದುರು ಬಿಡಿಸಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆಕೆಯ ಕೆಲಸ ಪ್ಯಾಟರ್ನ್ ಮಾಡುವುದು. ಅಂಗಿಯೋ ಕೋಟೋ ಹೊಲಿಗೆಗೆ ಹೋಗುವ ಮೊದಲು ಅದರ ಮುಂಭಾಗ, ಬೆನ್ನು, ತೋಳು, ಕಾಲರ್ ಎಲ್ಲವನ್ನೂ ಅಳತೆ ಪ್ರಕಾರ ಬಿಡಿಬಿಡಿಯಾಗಿ ಬರೆದುಕೊಡಬೇಕು. ಮೊದಲು ಕಂದು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಐವತ್ತು ದಾಟಿದ ಮೇಲೆ ಕಾರ್ಖಾನೆಯವರು ಕಂಪ್ಯೂಟರ್ ತಂದಾಗ, ಹಟಕ್ಕೆ ಬಿದ್ದು ಅದನ್ನೂ ಕಲಿತಳು. ಈಗ ಮನೆಯಲ್ಲೇ ಒಂದು ಕೋಣೆ, ಕೋಣೆಯ ತುಂಬ ಒಂದು ಕತ್ತರಿಸುವ ಮೇಜು, ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪ್. ಮೌಸ್ ಆಕೆಗೆ ಸೇರುತ್ತಿರಲಿಲ್ಲ. ಒದ್ದೆ ಸೋಪು ಹಿಡಿದ ಹಾಗಾಗುತ್ತದೆ ಎನ್ನುತ್ತಿದ್ದಳು. ಕೀಲಿಗಳ ಕೆಳಗಿನ ಟಚ್‌ಪ್ಯಾಡಿನ ಮೇಲೆ ಒಂದೇ ಬೆರಳಿಟ್ಟು, ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆದಂತೆ, ಕಂಕುಳ ಗೆರೆಯನ್ನು ಒಂದೇ ಉಸಿರಿಗೆ ಬಾಗಿಸಿಬಿಡುತ್ತಿದ್ದಳು.

ಜಗತ್ತಿನಲ್ಲಿ ಯಾರ ಬಟ್ಟೆಯೂ ಆಕೆಗೆ ಸರಿ ಕಂಡದ್ದಿಲ್ಲ. ಟೀವಿಯಲ್ಲಿ ಸುದ್ದಿ ಓದುವವನ ಭುಜ ನೋಡಿ, "ಹ್ಯಾಂಗರ್ ತೆಗೆಯೋದು ಮರೆತು ಹಾಕ್ಕೊಂಡು ಬಂದಿದ್ದಾನೆ" ಎನ್ನುವಳು. ಕಾರ್ಖಾನೆ ಮಾಲೀಕನ ತಮ್ಮನ ಮಗ ಹೊಸ ವಿನ್ಯಾಸ ಎಂದು ಏನಾದರೂ ಕಳಿಸಿದರೆ, "ಈ ಕಾಲರಿನೊಳಗೆ ಕುತ್ತಿಗೆ ಇಡಬೇಕಾ, ಹೂಕುಂಡ ಇಡಬೇಕಾ ಅಂತ ಕೇಳಿ ಹೇಳಿ" ಎಂದು ಮೇಲ್ವಿಚಾರಕಿಗೆ ಫೋನಿನಲ್ಲೇ ಹೇಳಿ ಇಟ್ಟುಬಿಡುವಳು. ಅವನು ಕಾಲರ್ ತಿದ್ದುತ್ತಿದ್ದ. ತಿದ್ದದೆ ಇದ್ದಾಗ ಮಾಲು ವಾಪಸು ಬರುತ್ತಿತ್ತು.

ಆಕೆಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದು, ತಾಯಿಯ ಜೊತೆಯೇ ಇದ್ದಳು. ದೊಡ್ಡವಳು ಮದುವೆಯಾಗಿ ನಾಲ್ಕು ಬೀದಿ ಆಚೆ ಇದ್ದಳು. ಅವಳ ಗಂಡ ಸಾಗಣೆ ಕಂಪನಿಯೊಂದರಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇವನನ್ನು ಬಿಟ್ಟರೆ ಇನ್ನೊಬ್ಬನಿದ್ದ. ಅವನು ಹೆಚ್ಚಾಗಿ ರಜೆಯಲ್ಲಿರುತ್ತಿದ್ದ. ಆದರೂ ಮುಖ್ಯಸ್ಥ ಮುಖ್ಯಸ್ಥನೇ. ಚಿಕ್ಕವಳು ಅವನಿಗೆ ಇಟ್ಟ ಹೆಸರು ಅಪ್‌ಡೇಟ್ ಭಾವ.

ಅಪ್‌ಡೇಟ್ ಭಾವ ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಗಂಡಹೆಂಡಿರು ಊಟಕ್ಕೆ ಬರುತ್ತಿದ್ದರು. ಊಟವಾದ ಮೇಲೆ ಉಳಿದವರು ಕಾಲು ಚಾಚಿದರೆ, ಇವನು ಮನೆಯಲ್ಲಿ ಸರಿಯಾಗಿರುವುದು ಏನಾದರೂ ಉಂಟೇ ಎಂದು ಹುಡುಕುತ್ತಿದ್ದ. ಕಂಡರೆ ಬಿಡುತ್ತಿರಲಿಲ್ಲ. ಟೀವಿಯ ರಿಮೋಟಿಗೆ ಕೈ ಹಾಕಿದ. ಅಂದಿನಿಂದ ಧ್ವನಿ ಹೆಚ್ಚಿಸಿದರೆ ಚಾನೆಲ್ ಬದಲಾಗುತ್ತಿತ್ತು. ಒಂದು ಭಾನುವಾರ ಅತ್ತೆಯ ಲ್ಯಾಪ್‌ಟಾಪ್ ಅವನ ಕಣ್ಣಿಗೆ ಬಿತ್ತು.

"ಅತ್ತೆ, ಇದರಲ್ಲಿ ಒಂದೇ ಸಿಸ್ಟಂ ಇದೆಯಲ್ಲ" ಎಂದ, ಮನೆಯಲ್ಲಿ ಒಂದೇ ಚಮಚ ಇದೆಯಲ್ಲ ಎನ್ನುವ ದನಿಯಲ್ಲಿ.

"ನಾನೂ ಒಬ್ಬಳೇ ಇದ್ದೀನಲ್ಲ" ಎಂದಳು ಕತ್ತರಿಯಮ್ಮ.

ಅವನಿಗೆ ಅದು ಕೇಳಿಸಲಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಸಿಸ್ಟಂ, ಅಂದರೆ ಯಂತ್ರವನ್ನೇ ನಡೆಸುವ ಮೂಲ ತಂತ್ರಾಂಶ, ಹಾಕಿಕೊಟ್ಟ. ಆನ್ ಮಾಡಿದಾಗ ಯಾವುದು ಬೇಕು ಎಂದು ಅದೇ ಕೇಳುತ್ತದೆ. ಹಳೆಯದು ಬೇಕೆಂದರೆ ಹಳೆಯದು, ಹೊಸದು ಬೇಕೆಂದರೆ ಹೊಸದು. ಕತ್ತರಿಯಮ್ಮನ ಪ್ಯಾಟರ್ನ್ ತಂತ್ರಾಂಶ ಓಡುತ್ತಿದ್ದದ್ದು ಹಳೆಯದರಲ್ಲಿ ಮಾತ್ರ. ಹೊಸದರಿಂದ ಆಕೆಗೆ ಮೂರು ಕಾಸಿನ ಉಪಯೋಗವಿರಲಿಲ್ಲ. ಅಷ್ಟಕ್ಕೆ ನಿಂತಿದ್ದರೆ ಕಥೆಯೂ ಇರುತ್ತಿರಲಿಲ್ಲ. ಹೊಸದರ ಒಳಗೆ ಒಂದು ಕಿಟಕಿ ತೆರೆದು, ಆ ಕಿಟಕಿಯೊಳಗೆ ಹಳೆಯ ಸಿಸ್ಟಮ್ಮನ್ನೇ ಓಡಿಸುವ ಏರ್ಪಾಡನ್ನೂ ಮಾಡಿದ. ಅದಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ ಎಂದು ಊಟದ ತಟ್ಟೆಗಳನ್ನು ಸರಿಸಿ, ಮೇಜಿನ ಮೇಲೆ ಬೆರಳಿನಲ್ಲಿ ಚಿತ್ರ ಬರೆದು ಎಲ್ಲರಿಗೂ ವಿವರಿಸಿದ. ಯಂತ್ರದೊಳಗೆ ಯಂತ್ರ, ಆದರೆ ಒಳಗಿನದು ನಿಜವಾದ ಯಂತ್ರವಲ್ಲ, ಯಂತ್ರದ ವೇಷ.

"ಇದು ಯಾಕೆ ಬೇಕು?" ಎಂದು ಚಿಕ್ಕವಳು ಕೇಳಿದಳು.

"ಬೇಕಾಗತ್ತೆ" ಎಂದ ಭಾವ.

ಅಂದಿನಿಂದ ಭಾನುವಾರ ಬಂದಾಗಲೆಲ್ಲ ಆ ಕಿಟಕಿ ತೆರೆದು ಹಳೆಯ ಸಿಸ್ಟಮ್ಮಿಗೆ ಅಪ್‌ಡೇಟ್ ಮಾಡುವುದು ಅವನ ವ್ರತವಾಯಿತು.

ಕೆಲವು ವಾರಗಳಲ್ಲೇ ಕತ್ತರಿಯಮ್ಮನ ಬೆರಳು ತಪ್ಪತೊಡಗಿತು. ಗೆರೆ ಎಳೆಯುತ್ತಿದ್ದಂತೆ ಪರದೆಯ ಮೇಲಿನ ಬಾಣ ಸರಕ್ಕನೆ ಜಾರಿ ಎಲ್ಲೋ ಹೋಗುತ್ತಿತ್ತು. ಕಂಕುಳ ಗೆರೆಯ ಒಂದು ಬಿಂದು ಹಿಡಿದು ಎಳೆದರೆ ಪಕ್ಕದ ಬಿಂದುವೂ ಬಾಲದ ಹಾಗೆ ಬರುತ್ತಿತ್ತು. ಹಸ್ತ ಸ್ವಲ್ಪ ತಾಗಿದರೂ ಸಾಕು, ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಮೊದಲ ದಿನ ಯಂತ್ರಕ್ಕೆ ಬೈದಳು. ಎರಡನೆಯ ದಿನ ಬಟ್ಟೆಯ ಧೂಳಿಗೆ ಬೈದಳು. ಭಾನುವಾರ ಅಳಿಯನಿಗೆ ಹೇಳಿದಳು.

ಅಳಿಯ ಚೀಲದಿಂದ ತನ್ನ ಸ್ವಂತ ಮೌಸ್ ತೆಗೆದ. ಅವನು ಟಚ್‌ಪ್ಯಾಡ್ ಮುಟ್ಟುವ ಜಾತಿಯವನಲ್ಲ. ಮೌಸ್ ಸಿಕ್ಕಿಸಿ, ಒಂದು ನೇರ ಗೆರೆ ಎಳೆದು, "ನೋಡಿ, ಸರಿಯಾಗೇ ಇದೆಯಲ್ಲ" ಎಂದ. ಆಮೇಲೆ ಯಂತ್ರವನ್ನು ಬಿಟ್ಟು ಅತ್ತೆಯನ್ನು ನೋಡಿದ. "ಕೈ ಚಾಚಿ ಅತ್ತೆ, ನೋಡೋಣ."

ಕತ್ತರಿಯಮ್ಮ ಕೈ ಚಾಚಿದಳು. ಎಲ್ಲರೂ ಒಂದು ಕೈಯನ್ನೇ ದಿಟ್ಟಿಸುತ್ತಿದ್ದರೆ ಯಾರ ಕೈಯಾದರೂ ಕೊಂಚ ಅಲುಗುತ್ತದೆ. ಅದೂ ಅಲುಗಿತು.

"ಇದು ಲ್ಯಾಪ್‌ಟಾಪಿನ ಸಮಸ್ಯೆ ಅಲ್ಲ ಅತ್ತೆ" ಎಂದ ಅಳಿಯ, ತುಂಬ ಮೃದುವಾಗಿ. "ವಯಸ್ಸು. ಒಪ್ಕೋಬೇಕು."

ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಮಾತನ್ನು ಅವನು ಬಾಯಿ ಬಿಟ್ಟು ಆಡಲಿಲ್ಲ, ಆಡಬೇಕಾಗಿಯೂ ಇರಲಿಲ್ಲ. ಫೋನ್ ತೆಗೆದು, ಕೈನಡುಕದಿಂದ ಶುರುವಾಗುವ ಕಾಯಿಲೆಗಳನ್ನು ಒಂದೊಂದಾಗಿ ಓದಿದ. ದೊಡ್ಡ ಮಗಳು ಕಣ್ಣೊರೆಸಿಕೊಂಡಳು. "ಅವರು ಸುಮ್ಮನೆ ಹೇಳಲ್ಲಮ್ಮ. ಇಂಥದ್ದೆಲ್ಲ ಅವರಿಗೆ ಬೇಗ ಗೊತ್ತಾಗತ್ತೆ" ಎಂದಳು.

ಬೇರೆ ಯಾರು ಯಾವ ಕಾಯಿಲೆ ಹೇಳಿದ್ದರೂ ಕತ್ತರಿಯಮ್ಮ ಅವರ ಅಂಗಿಯ ತೋಳು ಹಿಡಿದು ಎರಡು ಮಾತಾಡಿ ಕಳಿಸುತ್ತಿದ್ದಳೇನೋ. ಆದರೆ ಕೈ ಎಂದರೆ ಆಕೆಗೆ ಎಲ್ಲವೂ. ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಸಾಕಿದ್ದು ಆ ಕೈ. ಅದಕ್ಕೇ ಆ ಮಾತು ನೇರವಾಗಿ ಎದೆಗೆ ಹೋಗಿ ಕೂತಿತು. ಮರುದಿನ ಸೋಮವಾರ ಬಾಣ ಇನ್ನೂ ಹೆಚ್ಚು ಜಾರಿತು. ಆಕೆ ಯಂತ್ರಕ್ಕೆ ಬೈಯಲಿಲ್ಲ. ತನ್ನ ಬೆರಳನ್ನು ನೋಡುತ್ತ ಕೂತಳು.

ಆಮೇಲಿನದು ನೋಡಲು ಕಷ್ಟವಾಗಿತ್ತು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಲು ಶುರು ಮಾಡಿದಳು. ಸೂಜಿಗೆ ದಾರ ಪೋಣಿಸುವುದನ್ನು ಚಿಕ್ಕವಳಿಗೆ ಬಿಟ್ಟಳು. ಚಿಕ್ಕವಳು ಒಂದು ಮೌಸ್ ತಂದುಕೊಟ್ಟರೆ, ಮುದುಕಿಯ ಕೈಗೆ ಊರುಗೋಲು ಕೊಟ್ಟಂತೆ ಅದನ್ನು ನೋಡಿ, ಡಬ್ಬಿ ಸಮೇತ ಕಪಾಟಿನಲ್ಲಿಟ್ಟಳು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಆಕೆ ಬೈಯುವುದನ್ನೇ ಬಿಟ್ಟಳು. ಒಂದು ದಿನ ಕಾರ್ಖಾನೆಯ ಮೇಲ್ವಿಚಾರಕಿ ಚಿಕ್ಕವಳಿಗೆ ಫೋನ್ ಮಾಡಿದಳು.

"ನಿಮ್ಮಮ್ಮ ಹುಷಾರಾಗಿದ್ದಾರಾ?"

"ಯಾಕೆ?"

"ಮಾಲೀಕರ ತಮ್ಮನ ಮಗ ಒಂದು ಅಂಗಿ ಕಳಿಸಿದ್ದ. ಜೇಬು ಬೆನ್ನಿನ ಮೇಲಿದೆ. ನಿಮ್ಮಮ್ಮ ನೋಡಿ ಚೆನ್ನಾಗಿದೆ ಅಂದ್ರು. ನನಗೆ ಗಾಬರಿ ಆಯ್ತು."

ಗಾಬರಿಗೆ ಕಾರಣವಿತ್ತು. ಅದೇ ವಾರ ಶಾಲೆಯ ಸಮವಸ್ತ್ರದ ಪ್ಯಾಟರ್ನಿನಲ್ಲಿ ಎಡತೋಳಿನ ಒಂದು ಬಿಂದು ಜಾರಿದ್ದು ಯಾರ ಕಣ್ಣಿಗೂ ಬೀಳದೆ, ಥಾನುಗಟ್ಟಲೆ ಬಟ್ಟೆ ಹಾಗೇ ಕತ್ತರಿಸಿಹೋಯಿತು. ಅಂಗಿ ಹಾಕಿದ ಮಕ್ಕಳು ಒಂದು ತೋಳನ್ನು ಯಾರೋ ಹಿಡಿದೆಳೆದ ಹಾಗೆ ನಿಲ್ಲಬೇಕಿತ್ತು. ಕತ್ತರಿಯಮ್ಮ ತಾನೇ ಹೋಗಿ, ಇನ್ನು ನನ್ನಿಂದ ಆಗುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹೇಳಿ ಬಂದಳು. ಆಕೆ ಹೋಗುವ ಮೊದಲೇ ಅಳಿಯನ ಮಾತು ಕೇಳಿ ದೊಡ್ಡ ಮಗಳು ಕಾರ್ಖಾನೆಗೆ ಫೋನ್ ಮಾಡಿ, ತಾಯಿಯ ನರದ ಕಾಯಿಲೆಯ ವಿಷಯ ತಿಳಿಸಿಯೂ ಆಗಿತ್ತು.

ನರವೈದ್ಯರ ಬಳಿಗೆ ನಾಲ್ವರೂ ಹೋದರು. ವೈದ್ಯರು ಕತ್ತರಿಯಮ್ಮನ ಕೈಯಿಂದ ಒಂದು ಲೋಟದ ನೀರನ್ನು ಇನ್ನೊಂದಕ್ಕೆ ಹೊಯ್ಯಿಸಿದರು, ಮೂಗಿನ ತುದಿ ಮುಟ್ಟಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ಆಕೆ ಬರೆದ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ, "ಅಮ್ಮಾ, ನಿಮ್ಮ ಕೈ ನನ್ನ ಕೈಗಿಂತ ಚೆನ್ನಾಗಿದೆ" ಎಂದರು.

"ಶುರುವಿನ ಹಂತದಲ್ಲಿ ಹೀಗೆಲ್ಲ ಗೊತ್ತಾಗಲ್ಲ ಡಾಕ್ಟ್ರೇ" ಎಂದ ಅಳಿಯ.

"ನೀವು ಯಾವ ವಿಭಾಗ?"

"ಕಂಪ್ಯೂಟರ್."

"ಹೌದಾ" ಎಂದು ವೈದ್ಯರು ಅವನ ಕಡೆಯಿಂದ ಮುಖ ತಿರುಗಿಸಿ, ಕತ್ತರಿಯಮ್ಮನನ್ನೇ ಕೇಳಿದರು. "ಯಾವಾಗ ಜಾಸ್ತಿ ಅನ್ಸತ್ತೆ? ಬೆಳಿಗ್ಗೆನಾ, ಸಂಜೆನಾ, ಸುಸ್ತಾದಾಗ್ಲಾ?"

ಆಕೆ ಯೋಚಿಸಿದಳು. "ಹಾಗೇನಿಲ್ಲ. ವಾರದ ಮೊದಲಲ್ಲಿ ಜಾಸ್ತಿ. ಸೋಮವಾರ ಅಂತೂ ಕೈ ನನ್ನದಲ್ಲವೇ ಅಲ್ಲ. ಶುಕ್ರವಾರದ ಹೊತ್ತಿಗೆ ಎಷ್ಟೋ ವಾಸಿ."

ವೈದ್ಯರು ಹುಬ್ಬೇರಿಸಿದರು. ಅಂಥ ನರ ಅವರ ಪುಸ್ತಕದಲ್ಲಿ ಇರಲಿಲ್ಲ. ಏನೂ ತೊಂದರೆಯಿಲ್ಲ, ಧೈರ್ಯವಾಗಿರಿ ಎಂದು ಹೇಳಿ ಕಳಿಸಿದರು. ಕತ್ತರಿಯಮ್ಮನಿಗೆ ಧೈರ್ಯ ಬರಲಿಲ್ಲ. ಕಾಗದದ ಸುರುಳಿಗೇನು, ಕಾಗದ ಯಾವಾಗಲೂ ನನ್ನ ಮಾತು ಕೇಳುತ್ತಿತ್ತು ಎಂದಳು. ಓದಿದ ವೈದ್ಯರನ್ನು ಬಿಟ್ಟು ಕೆಟ್ಟ ಟಚ್‌ಪ್ಯಾಡಿನ ಮಾತನ್ನು ನಂಬಿದಳು.

ಆದರೆ ಚಿಕ್ಕವಳಿಗೆ ಆ ಸೋಮವಾರದ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತಾಯಿತು. ಅವಳ ಪ್ರಯೋಗಾಲಯಕ್ಕೆ ಹಿಂದೊಮ್ಮೆ ಒಂದು ವಸತಿಗೃಹದ ನೀರು ಬರುತ್ತಿತ್ತು. ತಿಂಗಳ ಮೊದಲ ವಾರ ಕೆಟ್ಟಿರುತ್ತಿತ್ತು, ಆಮೇಲೆ ತಾನಾಗಿ ಸರಿಹೋಗುತ್ತಿತ್ತು. ಹೋಗಿ ನೋಡಿದರೆ, ತಿಂಗಳ ಕೊನೆಗೆ ತೊಟ್ಟಿ ತೊಳೆಯಲು ಇಳಿಯುತ್ತಿದ್ದವನೇ ಕೊಳೆ ತರುತ್ತಿದ್ದ. ನೀರಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಕಾಯಿಲೆಗೂ ಗೊತ್ತಿರಲಾರದು. ಸೋಮವಾರ ಕೆಡುತ್ತದೆ ಎಂದರೆ ಭಾನುವಾರ ಯಾರು ತೊಟ್ಟಿಗೆ ಇಳಿಯುತ್ತಾರೆ ಎಂದು ನೋಡಬೇಕು.

ಒಂದು ಶುಕ್ರವಾರ ರಜೆ ಹಾಕಿ ಮನೆಯಲ್ಲಿ ಕೂತಳು. ತಾಯಿಯನ್ನು ಬಲವಂತವಾಗಿ ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಹಳೆಯ ಸಿಸ್ಟಮ್ಮನ್ನು ನೇರವಾಗಿ ಆನ್ ಮಾಡಿ, "ಒಂದು ಕಂಕುಳ ಗೆರೆ ಎಳಿ" ಎಂದಳು. ಕತ್ತರಿಯಮ್ಮ ಅಳುಕುತ್ತಲೇ ಎಳೆದಳು. ಗೆರೆ ಬಂತು, ಆಕೆಯ ಹಳೆಯ ಗೆರೆಯಷ್ಟು ಚೆಂದವಲ್ಲದಿದ್ದರೂ ಬಂತು.

ಈಗ ಚಿಕ್ಕವಳು ಭಾವ ಮಾಡುವುದನ್ನೇ ಮಾಡಿದಳು. ಹೊಸ ಸಿಸ್ಟಮ್ಮಿಗೆ ಹೋಗಿ, ಅದರ ಕಿಟಕಿಯೊಳಗೆ ಹಳೆಯದನ್ನು ಓಡಿಸಿ, ಅಪ್‌ಡೇಟ್ ಆಗಲು ಬಿಟ್ಟು, ಎಲ್ಲ ಮುಚ್ಚಿ, ಮತ್ತೆ ಹಳೆಯದನ್ನು ನೇರವಾಗಿ ಆನ್ ಮಾಡಿದಳು. "ಈಗ ಎಳಿ."

ಬಾಣ ಜಾರಿತು. ಬಿಂದು ಹಾರಿತು. ಕತ್ತರಿಯಮ್ಮ ಬೆಂಕಿ ಮುಟ್ಟಿದಂತೆ ಕೈ ಹಿಂದೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಕೈ ಅಲ್ಲೇ ಇರ್ಲಿ" ಎಂದಳು ಚಿಕ್ಕವಳು. "ನಾನೂ ಮುಟ್ಟಲ್ಲ. ಇಬ್ರೂ ಸುಮ್ನೆ ನೋಡೋಣ."

ತಾಯಿ ಮಗಳು ಕೈಕಟ್ಟಿ ಕೂತು ಪರದೆ ನೋಡಿದರು. ಯಾರೂ ಮುಟ್ಟದ ಬಾಣ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಇರುವೆಯ ಹಾಗೆ ಮೆಲ್ಲಗೆ ತೆವಳಿ, ಒಂದು ಸಲ ನೆಗೆದು, ಮೂಲೆಗೆ ಹೋಗಿ ಅಂಟಿಕೊಂಡಿತು.

ಕತ್ತರಿಯಮ್ಮ ಬಲಗೈಯನ್ನು ಎತ್ತಿ, ತಿರುಗಿಸಿ, ಎರಡೂ ಬದಿ ನೋಡಿಕೊಂಡಳು. ಕಳೆದುಹೋಗಿದ್ದ ಮಗು ಪೊಲೀಸರ ಜೊತೆ ಮನೆಗೆ ಬಂದಾಗ ತಾಯಂದಿರು ಹಾಗೆ ನೋಡುತ್ತಾರೆ. ಕಣ್ಣು ತುಂಬಿತು. ತುಂಬಿದ್ದು ಇಳಿಯುವ ಮೊದಲೇ ಸಿಟ್ಟು ಬಂತು.

"ನನಗೆ ನರದ ಕಾಯಿಲೆ ಅಂದ್ನಲ್ಲ ಅವನು" ಎಂದಳು. "ಇನ್ಮೇಲೆ ಅವನು ನನ್ನ ಅಳಿಯ ಅಲ್ಲ, ಬರೀ ಮಗಳ ಗಂಡ. ಅವನ ತಲೆಗೆ ಒಂದು ಟೋಪಿ ಹೊಲಿಯೋಣ ಅಂದ್ರೆ ಅಳತೆಗೆ ಒಳಗೆ ಏನಾದ್ರೂ ಇರಬೇಕಲ್ಲ."

ಚಿಕ್ಕವಳಿಗೆ ಆ ಮಾತು ಕೇಳಿ ಎಷ್ಟು ಸಂತೋಷವಾಯಿತೆಂದರೆ, ಅವಳು ಎದ್ದು ಹೋಗಿ ಅಡುಗೆಮನೆಯಲ್ಲಿ ನಿಂತು ಮುಖ ತೊಳೆದುಕೊಂಡು ಬಂದಳು.

ಆಮೇಲೆ ಕೂತು ಹುಡುಕಿದಳು. ಇಂಥ ತೊಂದರೆ ಕಂಡವರು ಲೋಕದ ತುಂಬ ಇದ್ದರು. ವಿಷಯ ಅಷ್ಟೇನೂ ಗಹನವಾಗಿರಲಿಲ್ಲ. ಟಚ್‌ಪ್ಯಾಡ್ ಬೆರಳಿನ ಮಾತನ್ನು ಅರ್ಥಮಾಡಿಕೊಳ್ಳಬೇಕಾದರೆ ಸಿಸ್ಟಮ್ಮಿನಲ್ಲಿ ಅದಕ್ಕೊಂದು ಡ್ರೈವರ್, ಅಂದರೆ ಅದನ್ನು ನಡೆಸುವ ಪುಟ್ಟ ತಂತ್ರಾಂಶ, ಇರಬೇಕು. ಹಳೆಯ ಸಿಸ್ಟಂ ನೇರವಾಗಿ ಎದ್ದಾಗ ಅದಕ್ಕೆ ನಿಜವಾದ ಟಚ್‌ಪ್ಯಾಡ್ ಕಾಣುತ್ತದೆ. ಕಿಟಕಿಯೊಳಗೆ ಎದ್ದಾಗ ಕಾಣುವುದಿಲ್ಲ. ಅಲ್ಲಿ ಎಲ್ಲವೂ ವೇಷ, ಬಾಣವನ್ನು ಆಡಿಸುವುದೂ ವೇಷದ ಯಂತ್ರ, ಅದಕ್ಕೆ ಬೇರೆಯೇ ಡ್ರೈವರ್. ಭಾವ ಎರಡು ಬಾಗಿಲಿಂದಲೂ ಒಂದೇ ಸಿಸ್ಟಮ್ಮಿಗೆ ನುಗ್ಗುತ್ತಿದ್ದ. ಕಿಟಕಿಯೊಳಗೆ ಅಪ್‌ಡೇಟ್ ಮಾಡಿದಾಗಲೆಲ್ಲ ಅದು ವೇಷದ ಡ್ರೈವರನ್ನು ಕೂರಿಸಿ, ಅಸಲಿಯನ್ನು ಎಬ್ಬಿಸಿ ಕಳಿಸುತ್ತಿತ್ತು. ಸೋಮವಾರ ಕತ್ತರಿಯಮ್ಮ ನೇರವಾಗಿ ಆನ್ ಮಾಡಿದಾಗ ಒಂದು ಸ್ಟಿಯರಿಂಗಿಗೆ ಇಬ್ಬರು ಡ್ರೈವರುಗಳು, ಇಬ್ಬರೂ ಅರೆಬರೆ. ವಾರ ಕಳೆಯುತ್ತ ಸಿಸ್ಟಂ ತಾನಾಗಿ ಅಸಲಿಯನ್ನು ಹುಡುಕಿ ತಂದು ಕೂರಿಸಿಕೊಳ್ಳುತ್ತಿತ್ತು. ಶುಕ್ರವಾರಕ್ಕೆ ಕೈ ವಾಸಿ. ಭಾನುವಾರ ಮತ್ತೆ ಭಾವ.

"ಈಗ್ಲೇ ಸರಿ ಮಾಡ್ತೀನಿ" ಎಂದಳು ಚಿಕ್ಕವಳು.

"ಮುಟ್ಟಬೇಡ" ಎಂದಳು ತಾಯಿ. "ನಾಡಿದ್ದು ಭಾನುವಾರ ಅಲ್ವಾ. ಅಲ್ಲೀತನಕ ಹೀಗೇ ಇರ್ಲಿ."

ಭಾನುವಾರ ಊಟ ಮುಗಿಯಿತು. ಅಪ್‌ಡೇಟ್ ಭಾವ ಕೈ ಒರೆಸಿಕೊಂಡು, ವ್ರತಕ್ಕೆ ತಯಾರಾಗಿ, ಚೀಲದಿಂದ ಮೌಸ್ ತೆಗೆದ.

"ಅದು ಬೇಡ" ಎಂದಳು ಕತ್ತರಿಯಮ್ಮ. "ನನಗೆ ಒಂದು ಗೆರೆ ಎಳೆದುಕೊಡಿ ಸಾಕು. ಬೆರಳಲ್ಲಿ. ಇಲ್ಲಿಂದ ಇಲ್ಲಿಗೆ, ಸ್ವಲ್ಪ ಬಾಗಿಸಿ. ನನ್ನ ಕೈಯಲ್ಲಂತೂ ಆಗಲ್ಲವಲ್ಲ."

ಅತ್ತೆ ವಿನಯದಿಂದ ಕೇಳಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಹಿಗ್ಗಿ ಕೂತ. ಬೆರಳಿಟ್ಟ. ಬಾಣ ಹಾರಿತು. ಇನ್ನೊಮ್ಮೆ ಎಳೆದ. ಅರ್ಧ ಅಂಗಿ ಮಾಯವಾಯಿತು. ಬೆರಳನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಎಳೆದ. ಈ ಸಲ ಬಾಣ ಅವನನ್ನು ಕಾಯದೆ ತಾನೇ ಹೊರಟಿತು.

"ಏನೋ... ಧೂಳು ಸೇರ್ಕೊಂಡಿದೆ ಇದರಲ್ಲಿ" ಎಂದ.

"ಕೈ ಚಾಚಿ, ನೋಡೋಣ" ಎಂದಳು ಅತ್ತೆ.

ಅವನು ಅರ್ಥವಾಗದೆ ಚಾಚಿಯೂ ಬಿಟ್ಟ. ಮೂರು ಜನ ಹೆಂಗಸರು ಆ ಕೈಯನ್ನು ನೋಡಿದರು. ಅದು ನಡುಗುತ್ತಿತ್ತು, ಸ್ವಲ್ಪ ಹೆಚ್ಚಾಗಿಯೇ.

"ವಯಸ್ಸು ಅಳಿಯಂದ್ರೇ" ಎಂದಳು ಕತ್ತರಿಯಮ್ಮ. "ಒಪ್ಕೋಬೇಕು."

ಚಿಕ್ಕವಳು ನಡೆದದ್ದನ್ನೆಲ್ಲ ಹೇಳಿದಳು. ಶುಕ್ರವಾರದ ಪರೀಕ್ಷೆಯ ವಿಷಯ, ಯಾರೂ ಮುಟ್ಟದೆ ತೆವಳಿದ ಬಾಣದ ವಿಷಯ, ಇಬ್ಬರು ಡ್ರೈವರುಗಳ ವಿಷಯ ಹೇಳಿದಳು. ದೊಡ್ಡವಳು ಗಂಡನ ಮುಖ ನೋಡಿದಳು. ಅವನ ಮುಖ ಕೆಂಪಾಯಿತು, ಬಿಳಿಚಿತು, ಕೊನೆಗೆ ತನ್ನ ಮಾಮೂಲು ಬಣ್ಣಕ್ಕೆ ಬಂತು. ಅವನೆಂದ:

"ಡ್ರೈವರ್ ಕಾನ್‌ಫ್ಲಿಕ್ಟ್. ಅದೇ ನಾನು ಮೊದಲಿಂದ ಹೇಳ್ತಾ ಇದ್ದದ್ದು."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಸರಿಮಾಡುವುದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಅದರಲ್ಲಿ ಅರ್ಧ ಭಾವನ ಸಲಹೆಗಳಿಂದಾಗಿ. ಚಿಕ್ಕವಳು ಯಂತ್ರದ ಮುಂದೆ, ಅವನು ಬೆನ್ನ ಹಿಂದೆ. "ಅದಲ್ಲ, ಅದರ ಕೆಳಗಿಂದು ತೆಗೆದುಹಾಕು" ಎಂದು ಅವನು ಖಚಿತವಾಗಿ ಹೇಳಿದ. ಅವಳು ತೆಗೆದಳು. ಬಾಣವೇ ಕಾಣೆಯಾಯಿತು. ಅವನು ಗಂಟಲು ಸರಿಮಾಡಿಕೊಂಡು ನೀರು ಕುಡಿಯಲು ಹೋದ. ಚಿಕ್ಕವಳು ಬರೀ ಕೀಲಿಗಳನ್ನು ಒತ್ತುತ್ತ, ಕುರುಡರು ಗೋಡೆ ಸವರಿಕೊಂಡು ಹೋಗುವಂತೆ ಹೋಗಿ, ತೆಗೆದದ್ದನ್ನು ವಾಪಸು ತಂದಳು. ಆಮೇಲೆ ಯಾರನ್ನೂ ಕೇಳದೆ ವೇಷದ ಡ್ರೈವರನ್ನು ಕಿತ್ತುಹಾಕಿದಳು. ಲ್ಯಾಪ್‌ಟಾಪ್ ತಯಾರಿಸಿದವರ ಅಸಲಿ ಡ್ರೈವರನ್ನು ಹಾಕಿ, ಅದನ್ನು ಸಿಸ್ಟಂ ತನ್ನಿಷ್ಟಕ್ಕೆ ಬದಲಾಯಿಸದಂತೆ ಮಾಡಿದಳು. ಕೊನೆಗೆ ಆ ಕಿಟಕಿಗೂ ತಾಯಿಯ ಸಿಸ್ಟಮ್ಮಿಗೂ ಇದ್ದ ಬಾಗಿಲನ್ನೇ ಮುಚ್ಚಿದಳು.

"ಕಿಟಕಿ ಬೇಕೇಬೇಕು ಅಂದ್ರೆ ಅದಕ್ಕೆ ಅದರದ್ದೇ ಒಂದು ಬೇರೆ ಸಿಸ್ಟಂ ಹಾಕ್ಕೊಡ್ತೀನಿ ಭಾವ" ಎಂದಳು. "ಅದರಲ್ಲಿ ಎಷ್ಟು ಬೇಕಾದ್ರೂ ಅಪ್‌ಡೇಟ್ ಮಾಡಿ. ಅಮ್ಮನ ಹತ್ರ ಬರಬೇಡಿ."

ಕತ್ತರಿಯಮ್ಮ ಕೂತಳು. ಬೆರಳಿಟ್ಟಳು. ಭುಜದ ತುದಿಯಿಂದ ಹೊರಟ ಗೆರೆ ಒಳಕ್ಕೆ ಬಾಗಿ, ಕಂಕುಳಿನ ಕೆಳಗೆ ತಿರುಗಿ, ಪಕ್ಕದ ಹೊಲಿಗೆಗೆ ಹೋಗಿ ಮುಟ್ಟಿತು. ಆಕೆ ಅದನ್ನು ನೋಡಿ, ಅಳಿಸಿ, ಮತ್ತೆ ಎಳೆದಳು. ಮೊದಲನೆಯದರಲ್ಲಿ ಏನೂ ತಪ್ಪಿರಲಿಲ್ಲ. ಸುಮ್ಮನೆ ಇನ್ನೊಮ್ಮೆ ಬೇಕೆನಿಸಿತು.

ಮರುದಿನ ಕಾರ್ಖಾನೆಗೆ ಹೋದಳು. ಆಕೆಯ ಜಾಗಕ್ಕೆ ಬಂದಿದ್ದ ಯುವಕ ಮಾಡಿದ ಕೋಟನ್ನು ಮೇಲ್ವಿಚಾರಕಿ ಮುಂದಿಟ್ಟಳು. ಕತ್ತರಿಯಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ, "ಇದನ್ನ ಹಾಕ್ಕೊಂಡವರು ಕೈ ಎತ್ತಿ ಬಸ್ ನಿಲ್ಲಿಸೋಕಾಗಲ್ಲ. ನಡೆದೇ ಹೋಗಬೇಕು" ಎಂದಳು. ಮೇಲ್ವಿಚಾರಕಿ ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಕೆಲಸ ವಾಪಸು ಬಂತು. ಎಲ್ಲವೂ ಅಲ್ಲ, ಸಮವಸ್ತ್ರವನ್ನು ಆ ಯುವಕನ ಬಳಿಯೇ ಬಿಟ್ಟರು, ಕೆಟ್ಟುಹೋದ ಬಟ್ಟೆಯ ನೆನಪು ಮಾಲೀಕನಿಗೆ ಇನ್ನೂ ಹಸಿಯಾಗಿತ್ತು. ಅಳಿಯನೋ, ಅತ್ತೆಯ ಕೈನಡುಕಕ್ಕೆ ವೈದ್ಯರಿಗೂ ಹೊಳೆಯದ ಕಾರಣವನ್ನು ತಾನು ಹೇಗೆ ಪತ್ತೆ ಹಚ್ಚಿದೆ ಎಂದು ಕಚೇರಿಯಲ್ಲಿ ಹೇಳಿಕೊಂಡು ತಿರುಗಿದ. ಕೇಳಲು ಅಲ್ಲಿ ಇದ್ದವನು ಒಬ್ಬನೇ. ಅವನು ಮರುದಿನದಿಂದ ರಜೆ ಹಾಕಿದ.

ಇದಾಗಿ ಒಂದು ವಾರಕ್ಕೆ, ಬುಧವಾರ ಬೆಳಿಗ್ಗೆ, ದೊಡ್ಡ ಮಗಳು ಒಬ್ಬಳೇ ಬಂದಳು. ಅವಳು ವಾರದ ನಡುವೆ ಬಂದದ್ದೇ ಇಲ್ಲ. ಚಿಕ್ಕವಳು ಕೆಲಸಕ್ಕೆ ಹೊರಡುವ ಹೊತ್ತು, ಚೀಲ ಕೆಳಗಿಟ್ಟಳು. ದೊಡ್ಡವಳು ಕತ್ತರಿಸುವ ಮೇಜಿನ ಅಂಚು ಹಿಡಿದು ನಿಂತಳು, ಕೂರಲಿಲ್ಲ.

"ಅಮ್ಮ, ನಾನು ಕಾರ್ಖಾನೆಗೆ ಫೋನ್ ಮಾಡಬಾರದಿತ್ತು."

"ಹೂಂ, ಮಾಡಬಾರದಿತ್ತು" ಎಂದಳು ತಾಯಿ. "ಅದಕ್ಕಾ ಬಂದದ್ದು?"

"ಅಲ್ಲ." ಅವಳು ತಂಗಿಯ ಕಡೆ ತಿರುಗಿದಳು. "ನಮ್ಮನೆ ಬಾಗಿಲಿಗೆ ಅವರು ಫೋನಿಂದ ತೆಗೆಯೋ ಬೀಗ ಹಾಕ್ಸಿದ್ದಾರಲ್ಲ. ಹೊರಗೆ ಹೋಗುವಾಗ ನಾನು ಬೀಗ ಹಾಕೇ ಹೋಗಿರ್ತೀನಿ. ಸಂಜೆ ಅವರು ಬಂದು, ಬಾಗಿಲು ತೆಗೆದೇ ಇತ್ತು, ನೀನು ಹಾಕಿಲ್ಲ ಅಂತಾರೆ. ಒಂದಿನ ಅಲ್ಲ. ನನಗೆ ಮರೆವು ಅಂತ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ರು. ಮಾತ್ರೆ ತಗೊಳ್ತಾ ಇದ್ದೀನಿ." ಸ್ವಲ್ಪ ತಡೆದು ಹೇಳಿದಳು, "ಯಾರಿಗೂ ಹೇಳಿಲ್ಲ. ನಾಚಿಕೆ ಆಗ್ತಿತ್ತು."

ಕತ್ತರಿಯಮ್ಮನ ನಾಲಿಗೆಯ ತುದಿಗೆ ಏನೇನು ಬಂತೋ, ಅದನ್ನೆಲ್ಲ ನುಂಗಿ, ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪು ತೆಗೆದು ಮೇಜಿನ ಮೇಲಿಟ್ಟಳು.

"ನಡಿ" ಎಂದಳು.

"ಅವರು ಮನೇಲಿಲ್ಲ ಈಗ."

"ಅದಕ್ಕೇ ನಡಿ."

ಮೂವರೂ ನಾಲ್ಕು ಬೀದಿ ನಡೆದು ಹೋದರು. ದೊಡ್ಡವಳು ಬಾಗಿಲು ಹಾಕಿದಳು. ಬೀಗ ಬಿದ್ದ ಸದ್ದನ್ನು ಮೂವರೂ ಕೇಳಿದರು. ಚಿಕ್ಕವಳು ಹಿಡಿ ಎಳೆದು ನೋಡಿದಳು. ಭದ್ರವಾಗಿತ್ತು. ಮೆಟ್ಟಿಲ ಮೇಲೆ ಕೂತು ಕಾದರು. ಎದುರು ಮನೆಯಾಕೆ ಬಟ್ಟೆ ಒಣಹಾಕಿ ಒಳಗೆ ಹೋದಳು. ದೊಡ್ಡವಳು, "ಇಲ್ಲ ಬಿಡು, ನನ್ನದೇ ತಪ್ಪಿರಬೇಕು, ನಿನ್ನ ಕೆಲಸಕ್ಕೂ ಹೊತ್ತಾಯ್ತು" ಎಂದು ಏಳುವಷ್ಟರಲ್ಲಿ ಹಿಂದೆ ಟಕ್ ಎಂದಿತು. ಬೀಗ ತಾನಾಗಿ ತೆರೆದುಕೊಂಡಿತ್ತು.

ಒಳಗೆ ಹೋಗಿ ಹುಡುಕಿದಾಗ ಸಿಕ್ಕಿದ್ದು, ಮೇಜಿನ ಖಾನೆಯಲ್ಲಿ ಚಾರ್ಜಿಗೆ ಹಾಕಿಟ್ಟಿದ್ದ ಅವನ ಹಳೆಯ ಫೋನ್. ಯಜಮಾನನ ಫೋನ್ ಮನೆಯ ವೈಫೈ ಹಿಡಿದ ಕೂಡಲೇ ಬಾಗಿಲು ತೆರೆಯಬೇಕೆಂದು ಅವನು ಬೀಗಕ್ಕೆ ಹೇಳಿಟ್ಟಿದ್ದ. ಹೊಸ ಫೋನ್ ತಂದ ಮೇಲೆ ಹಳೆಯದಕ್ಕೆ ಆ ಅಧಿಕಾರವನ್ನು ತೆಗೆದಿರಲಿಲ್ಲ. ಮರೆತದ್ದು ಅವನು. ಖಾನೆಯೊಳಗಿನ ಫೋನ್ ಆಗಾಗ ವೈಫೈ ಬಿಟ್ಟು ಮತ್ತೆ ಹಿಡಿದಾಗಲೆಲ್ಲ, ಯಜಮಾನರು ಬಂದರೆಂದು ಬೀಗ ಬಾಗಿಲು ತೆರೆಯುತ್ತಿತ್ತು.

ದೊಡ್ಡವಳು ಫೋನನ್ನು ಕೈಯಲ್ಲಿ ಹಿಡಿದು ಕುರ್ಚಿಯ ಮೇಲೆ ಕೂತಳು. ಅಳುತ್ತಾಳೆಂದು ಚಿಕ್ಕವಳು ಹತ್ತಿರ ಹೋದಳು. ಅವಳು ಅಳಲಿಲ್ಲ. ಅಡುಗೆಮನೆಗೆ ಹೋಗಿ, ಮಾತ್ರೆಯ ಡಬ್ಬಿ ತಂದು ಮೇಜಿನ ಮೇಲೆ, ಆ ಫೋನಿನ ಪಕ್ಕದಲ್ಲಿ, ಬಂದವರಿಗೆ ಮೊದಲು ಕಾಣುವ ಹಾಗೆ ಇಟ್ಟಳು. ಆಮೇಲೆ ಬೀದಿ ತುದಿಯ ಬೀಗದ ಅಂಗಡಿಯವನನ್ನು ಕರೆಸಿದಳು.

ಅವನು ಬಂದು, ಬ್ಯಾಟರಿ ಬೀಗವನ್ನು ಬಿಚ್ಚಿ, ಸಾದಾ ಬೀಗ ಕೂರಿಸಿದ. ಕತ್ತರಿಯಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೆಲಸ ಮುಗಿಸಿ ಅವನು ಕೇಳಿದ, "ಕೀ ಎಷ್ಟು ಮಾಡ್ಲಿ ಅಮ್ಮ?"

ದೊಡ್ಡವಳು ಸ್ವಲ್ಪ ಯೋಚಿಸಿದಳು.

"ಸದ್ಯಕ್ಕೆ ಒಂದು" ಎಂದಳು.